ಸಾಲ ತೀರಿತು, ಇನ್ನು ಕಾರ್ಡನ್ನು ಏನು ಮಾಡೋಣ?



ಕೆಲವು ದಿನಗಳ ಹಿಂದೆ ಗೂಡಲೂರು ಕಡೆಯ ಒಂದು ಲೈನ್ ಮನೆಯಲ್ಲಿ ನಾವು ಕುಳಿತಿದ್ದಾಗ ತಾಯಿಗೂ ಮಗನಿಗೂ ಮಾತು ಬೆಳೆಯಿತು. ಮಗ ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಕೆಲಸಕ್ಕಿದ್ದಾನೆ. ತಂಗಿಯ ಮದುವೆಗೆಂದು ಎರಡು ಕ್ರೆಡಿಟ್ ಕಾರ್ಡುಗಳ ಮೇಲೆ ಮಾಡಿದ ಸಾಲವನ್ನು ಎರಡು ವರ್ಷ ದುಡಿದು, ತಾಯಿಯ ದೀಪಾವಳಿ ಬೋನಸ್ಸನ್ನೂ ಸೇರಿಸಿ, ಪೈಸೆ ಬಿಡದೆ ತೀರಿಸಿದ್ದಾನೆ.

"ಸಾಲ ತೀರಿದ ಮೇಲೆ ಆ ಹಾಳು ಕಾರ್ಡು ಮನೇಲಿ ಯಾಕಪ್ಪಾ? ಕತ್ತರಿಸಿ ಒಲೆಗೆ ಹಾಕು" ಎಂದಳು ತಾಯಿ.

"ಅಮ್ಮಾ, ಮುಚ್ಚಿದರೆ ನನ್ನ ಸ್ಕೋರು ಇಳಿಯುತ್ತೆ. ನಾಳೆ ಮನೆ ಕಟ್ಟೋಕೆ ಸಾಲ ಕೊಡೋದಿಲ್ಲ" ಎಂದ ಮಗ.

ಇಬ್ಬರೂ ನಮ್ಮ ಮುಖ ನೋಡಿದರು. ಅಂದು ನಮಗೆ ಸರಿಯಾದ ಉತ್ತರ ಹೇಳಲಾಗಲಿಲ್ಲ. ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ಈಗ ಎಲ್ಲರ ಮುಂದಿಡುತ್ತೇವೆ. ಇಂಥ ಕಾರ್ಡು ಇಂದು ನಮ್ಮ ಅನೇಕ ಮನೆಗಳ ಮಕ್ಕಳ ಜೇಬಿನಲ್ಲಿದೆ.

ತಾಯಿಯ ಭಯಕ್ಕೆ ಕಾರಣವಿದೆ. ತೋಟದ ಕೂಲಿಯ ಕಥೆ ಎಂದರೆ ಮುಂಗಡದ ಕಥೆ. ಮೇಸ್ತ್ರಿಯೋ ಕಂಗಾಣಿಯೋ ಕೊಟ್ಟ ಮುಂಗಡ ಹಿಡಿದು ನಮ್ಮ ಹಿರಿಯರು ಬೆಟ್ಟ ಹತ್ತಿದರು. ಆ ಮುಂಗಡ ತೀರುವವರೆಗೆ ಇಳಿಯಲಾರದೆ ಹೋದರು. 1964ರ ಒಪ್ಪಂದದ ನಂತರ ಸಿಲೋನಿನಿಂದ ಬಂದು ಈ ಜಿಲ್ಲೆಯಲ್ಲಿ ನೆಲೆಸಿದ ನೆರೆಹೊರೆಯವರ ಹಿರಿಯರು 'ತುಂಡು' ಎಂಬುದನ್ನು ಕಂಡವರು. ಕೂಲಿಯವನ ಸಾಲ ಇಷ್ಟಿದೆ, ಅದನ್ನು ಕಟ್ಟಿದ ತೋಟಕ್ಕೆ ಅವನನ್ನು ಬಿಟ್ಟುಕೊಡುತ್ತೇವೆ ಎಂದು ಬರೆದ ಚೀಟಿ ಅದು. 1921ರಲ್ಲಿ ಕಾನೂನು ಅದನ್ನು ರದ್ದು ಮಾಡಿತು. ನಮ್ಮ ದೇಶದಲ್ಲಿ ಜೀತಪದ್ಧತಿ ನಿರ್ಮೂಲನದ ಕಾಯಿದೆ ಬಂದದ್ದು 1976ರಲ್ಲಿ. ಇಷ್ಟೆಲ್ಲ ಕಂಡ ಜನ, ಸಾಲ ತೀರಿದ ದಿನವೇ ಪ್ರೋನೋಟು ವಾಪಸು ಪಡೆದು ಹರಿದು ಹಾಕುವುದನ್ನು ಕಲಿತರು. ಆ ಬುದ್ಧಿಯೇ ತಾಯಿಯ ಬಾಯಲ್ಲಿ ಮಾತಾಡಿತು.

ಮಗನ ಮಾತಿನಲ್ಲೂ ಸತ್ಯವಿದೆ. ಇಂದಿಗೂ ಸಾಲಗಾರನ ಹಿಂದೆ ಒಂದು ಚೀಟಿ ನಡೆಯುತ್ತದೆ. 2005ರ ಕಾಯಿದೆಯ ಕೆಳಗೆ ನಡೆಯುವ ಸಿಬಿಲ್ ಮೊದಲಾದ ನಾಲ್ಕು ಕಂಪೆನಿಗಳು ನಮ್ಮ ಸಾಲದ ಲೆಕ್ಕ ಇಟ್ಟು, 300ರಿಂದ 900ರವರೆಗೆ ಅಂಕ ಕೊಡುತ್ತವೆ. ಸಾಲ ಕೊಡುವ ಮುಂಚೆ ಬ್ಯಾಂಕು ಅದನ್ನು ನೋಡುತ್ತದೆ. ಹಳೆಯ ತುಂಡಿನಲ್ಲಿ ಸಾಲ ಮಾತ್ರ ಇರುತ್ತಿತ್ತು. ಇದರಲ್ಲಿ ನಾವು ಸರಿಯಾಗಿ ಕಟ್ಟಿದ್ದೂ ಇರುತ್ತದೆ.

ಕಾರ್ಡು ಮುಚ್ಚಿದರೆ ಅಂಕ ಏಕೆ ಇಳಿಯಬಹುದು? ಒಬ್ಬನಿಗೆ 40,000 ಮತ್ತು 20,000 ರೂಪಾಯಿ ಮಿತಿಯ ಎರಡು ಕಾರ್ಡುಗಳಿವೆ, 12,000 ಬಾಕಿ ಇದೆ ಎನ್ನೋಣ. 60,000ಕ್ಕೆ 12,000 ಎಂದರೆ ನೂರಕ್ಕೆ 20. ದೊಡ್ಡ ಕಾರ್ಡನ್ನು ಮುಚ್ಚಿದರೆ ಅದೇ ಬಾಕಿ 20,000ಕ್ಕೆ ಲೆಕ್ಕವಾಗಿ ನೂರಕ್ಕೆ 60 ಆಗುತ್ತದೆ. ಇವನು ಕೈಯ ತುಂಬ ಸಾಲ ಮಾಡಿದ್ದಾನೆ ಎಂದು ಲೆಕ್ಕ ಹೇಳುತ್ತದೆ. ಬಾಕಿಯೇ ಇಲ್ಲದವನಿಗೆ ಈ ಪೆಟ್ಟು ಅಷ್ಟಾಗಿ ಬೀಳುವುದಿಲ್ಲ. ಮುಚ್ಚಿದ ಖಾತೆಯ ಒಳ್ಳೆಯ ಲೆಕ್ಕವೂ ಕೂಡಲೆ ಅಳಿಸಿಹೋಗದೆ ಕೆಲವು ವರ್ಷ ಉಳಿಯುತ್ತದೆ.

ಇನ್ನು ಕಾರ್ಡು ಇಟ್ಟುಕೊಳ್ಳುವುದರ ಬೆಲೆಯನ್ನೂ ನೋಡಿರಿ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿಯ ಕಾರ್ಡಿನಲ್ಲಿ 10,000 ರೂಪಾಯಿ ಉಳಿಸಿಕೊಂಡರೆ ಬಡ್ಡಿ 350, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 63, ಒಟ್ಟು 413. 'ಕನಿಷ್ಠ ಕಟ್ಟಿದರೆ ಸಾಕು' ಎಂಬ ಮಾತು ನಂಬಿ 500 ಕಟ್ಟಿದವನ ಅಸಲು ಕರಗುವುದು 87 ರೂಪಾಯಿ ಮಾತ್ರ! ದಿನಗೂಲಿಯ ಮನೆಯಲ್ಲಿ ಒಬ್ಬರು ಜ್ವರದಲ್ಲಿ ಮಲಗಿದರೆ, ಶಾಲೆ ಫೀಜಿನ ದಿನ ಬಂದರೆ, ಕೈ ಮೊದಲು ಹೋಗುವುದು ಆ ಕಾರ್ಡಿನ ಕಡೆಗೇ.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ವರ್ಷಕ್ಕೆ ಶುಲ್ಕ ಕೇಳುವ ಕಾರ್ಡನ್ನೂ, ಒಮ್ಮೆ ನಮ್ಮನ್ನು ಮುಳುಗಿಸಿದ ಕಾರ್ಡನ್ನೂ ಮುಚ್ಚಿಬಿಡಿರಿ. ಅಂಕ ಸ್ವಲ್ಪ ಇಳಿದರೆ ಇಳಿಯಲಿ. ಕ್ರಮವಾಗಿ ನಡೆದರೆ ಮತ್ತೆ ಏರುತ್ತದೆ. ಎರಡನೆಯ ಸಲ ಸಾಲದಲ್ಲಿ ಬಿದ್ದ ಮನೆ ಏಳುವುದು ಅಷ್ಟು ಸುಲಭವಲ್ಲ. ಒಂದೆರಡು ವರ್ಷದೊಳಗೆ ಮನೆ ಸಾಲ ಕೇಳುವವರು ಮಾತ್ರ ಶುಲ್ಕವಿಲ್ಲದ, ಎಲ್ಲಕ್ಕಿಂತ ಹಳೆಯ ಒಂದು ಕಾರ್ಡನ್ನು ಉಳಿಸಿಕೊಳ್ಳಲಿ. ಆಗಾಗ ಸಣ್ಣ ಖರ್ಚು ಮಾಡಿ ಬಿಲ್ಲನ್ನು ಪೂರ್ತಿ ಕಟ್ಟಲಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸದೆ ಇಟ್ಟ ಕಾರ್ಡನ್ನು ಬ್ಯಾಂಕು ನಮಗೆ ತಿಳಿಸಿ, 30 ದಿನ ಉತ್ತರ ಬಾರದಿದ್ದರೆ ತಾನೇ ಮುಚ್ಚಬಹುದು.

ಕತ್ತರಿಸಿ ಒಲೆಗೆ ಹಾಕಿದರೆ ಖಾತೆ ಮುಚ್ಚುವುದಿಲ್ಲ. ಶುಲ್ಕ ಏರುತ್ತಲೇ ಇರುತ್ತದೆ. ಮುಚ್ಚುವ ಕ್ರಮ ಹೀಗಿದೆ. ಮೊದಲು ಕೊನೆಯ ಬಾಕಿ ಎಷ್ಟೆಂದು ಕೇಳಿ ತೀರಿಸಬೇಕು. ಬಿಲ್ಲು ಬಂದ ಮೇಲೆ ಓಡಿದ ಬಡ್ಡಿ ಒಂದಿಷ್ಟು ಉಳಿದಿರಬಹುದು. ಫೋನು, ಟಿವಿ ಹಣ ತಾನಾಗಿ ಕಾರ್ಡಿನಿಂದ ಹೋಗುತ್ತಿದ್ದರೆ ನಿಲ್ಲಿಸಬೇಕು. ಆಮೇಲೆ ಮುಚ್ಚಲು ಬರವಣಿಗೆಯಲ್ಲಿ ಕೇಳಬೇಕು. ರಿಸರ್ವ್ ಬ್ಯಾಂಕು 2022ರಲ್ಲಿ ಕೊಟ್ಟ ನಿರ್ದೇಶನದಂತೆ, ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಮಗೇ ಕೊಡಬೇಕು. ಬಾಕಿ ಇಲ್ಲವೆಂಬ ಪತ್ರವನ್ನು ತಪ್ಪದೆ ಪಡೆದು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಡಿರಿ. ನಮ್ಮ ಪ್ರೋನೋಟು ಅದೇ.

ಒಂದೆರಡು ತಿಂಗಳ ಮೇಲೆ ಸಾಲದ ವರದಿಯನ್ನು ತೆಗೆಸಿ ನೋಡಿರಿ. ಪ್ರತಿ ಕಂಪೆನಿಯೂ ವರ್ಷಕ್ಕೊಮ್ಮೆ ಅದನ್ನು ಪುಕ್ಕಟೆ ಕೊಡಬೇಕು. ಅದರಲ್ಲಿ 'ಕ್ಲೋಸ್ಡ್' ಎಂದಿರಬೇಕು. 'ಸೆಟಲ್ಡ್' ಎಂದಿದ್ದರೆ ಪೂರ್ತಿ ಕಟ್ಟದೆ ರಾಜಿಯಾದರು ಎಂದರ್ಥ. ಪೂರ್ತಿ ಕಟ್ಟಿದವರು ಅದನ್ನು ತಿದ್ದಿಸಬೇಕು. ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಮಾಹಿತಿಗೆ 14448ಕ್ಕೆ ಫೋನು ಮಾಡಿರಿ. ಕಾರ್ಡು ಮುಚ್ಚಿಕೊಡುತ್ತೇವೆಂದು ಫೋನು ಮಾಡಿ ಓಟಿಪಿ ಕೇಳುವವರು ಕಳ್ಳರು. ಯಾರಿಗೂ ಹೇಳಬೇಡಿರಿ.

ಮೊನ್ನೆ ಆ ಮನೆಗೆ ಮತ್ತೆ ಹೋಗಿ ಇದನ್ನೆಲ್ಲ ಹೇಳಿದೆವು. ತಾಯಿಗೆ ಇನ್ನೆರಡು ವರ್ಷದಲ್ಲಿ ನಿವೃತ್ತಿ. ಆಗ ಲೈನ್ ಮನೆ ಬಿಡಬೇಕು. ಗುಂಡ್ಲುಪೇಟೆ ಕಡೆ ಊರಿನಲ್ಲಿ ಸ್ವಲ್ಪ ಜಾಗವಿದೆ, ಅಲ್ಲಿ ಮನೆ ಎಬ್ಬಿಸಲು ಸಾಲ ಬೇಕು. ಶುಲ್ಕದ ಕಾರ್ಡನ್ನು ಮುಚ್ಚಲು ಮಗ ಒಪ್ಪಿದ. ಹಳೆಯದೊಂದನ್ನು ಮನೆ ಸಾಲ ಸಿಗುವವರೆಗೆ ಇಡಲು ತಾಯಿ ಒಪ್ಪಿದಳು, ಒಂದು ಷರತ್ತಿನ ಮೇಲೆ. ಆ ಕಾರ್ಡು ಈಗ ಅವಳ ಟ್ರಂಕಿನಲ್ಲಿದೆ. ಬೀಗದ ಕೈ ಅವಳ ಸೆರಗಿನಲ್ಲಿದೆ.