ಸರ್ಕಾರಿ ಪತ್ರಕ್ಕೆ ಪರರ ಅಂಚೆಪೆಟ್ಟಿಗೆ

ಕಾರವಾರ: ಐಎನ್‌ಎಸ್ ಕದಂಬ ನೌಕಾನೆಲೆಗೆ ಬೇಲಿಯಿದೆ, ಕಾವಲಿದೆ. ಆದರೂ ನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಗೂಢಚಾರರಿಗೆ ಒದಗಿಸಿದ ಆರೋಪದ ಮೇಲೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಇಬ್ಬರನ್ನು ರಾಷ್ಟ್ರೀಯ ತನಿಖಾ ದಳವು 2025ರ ಫೆಬ್ರವರಿಯಲ್ಲಿ ಬಂಧಿಸಿತು. ಸಂಪರ್ಕ ಬೆಳೆದದ್ದು ಸಾಮಾಜಿಕ ಜಾಲತಾಣದಲ್ಲಿ ಎಂಬುದು ಆರೋಪ.

ಪ್ರಜೆಗಳ ವಿಷಯದಲ್ಲಿ ಇಷ್ಟು ಬಿಗಿಯಾಗಿರುವ ಸರ್ಕಾರ, ತನ್ನ ಪತ್ರವ್ಯವಹಾರದಲ್ಲಿ ಬಹುಕಾಲ ಉದಾಸೀನವಾಗಿತ್ತು. 2007ರಲ್ಲಿ ಸ್ವೀಡನ್ನಿನ ಡಾನ್ ಎಗರ್‌ಸ್ಟಾಡ್ ನೂರು ಇ-ಮೇಲ್ ಖಾತೆಗಳ ಪಾಸ್‌ವರ್ಡ್ ಬಯಲು ಮಾಡಿದಾಗ, ಭಾರತದ ಕೆಲವು ರಾಯಭಾರ ಕಚೇರಿಗಳೂ ಆ ಪಟ್ಟಿಯಲ್ಲಿದ್ದವು. ಅಧಿಕಾರಿಗಳು ಜಿಮೇಲ್‌ನಂತಹ ಉಚಿತ ಸೇವೆಗಳಲ್ಲಿ ಕಚೇರಿ ಪತ್ರ ಬರೆಯುವುದನ್ನು ಕೆ.ಎನ್. ಗೋವಿಂದಾಚಾರ್ಯ ಅವರು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದರು. ಆ ಪತ್ರಗಳು ವಿದೇಶಿ ಕಂಪನಿಗಳ ಸರ್ವರ್ ಸೇರುತ್ತವೆ ಎಂಬುದೇ ಆಕ್ಷೇಪದ ತಿರುಳು.

2015ರ ಫೆಬ್ರವರಿಯಲ್ಲಿ ಕೇಂದ್ರವು ಇ-ಮೇಲ್ ನೀತಿ ಪ್ರಕಟಿಸಿ, ಅಧಿಕೃತ ವ್ಯವಹಾರಕ್ಕೆ ಎನ್‌ಐಸಿಯ ಸೇವೆಯನ್ನೇ ವಿಧಿಸಿತು. ಆದರೆ ವಿದೇಶಗಳಲ್ಲಿನ ರಾಯಭಾರ ಕಚೇರಿಗಳಿಗೆ ಒಂದು ವಿನಾಯಿತಿ ಉಳಿಯಿತು: ಅಂತರ್ಜಾಲ ಕೈಕೊಟ್ಟಂತಹ ತುರ್ತಿಗಾಗಿ ಅವು ಹೊರದೇಶದ ಪರ್ಯಾಯ ಇ-ಮೇಲ್ ಇಟ್ಟುಕೊಳ್ಳಬಹುದು.

ವಿನಾಯಿತಿಗೆ ಕಾರಣವಿದೆ; ಆದರೆ ತುರ್ತಿನ ದಾರಿಯೇ ನಿತ್ಯದ ದಾರಿಯಾಗುವುದು ಸುಲಭ. ಅದನ್ನು ಯಾವಾಗ, ಯಾವ ಪತ್ರಕ್ಕೆ ಬಳಸಲಾಯಿತೆಂಬ ಲೆಕ್ಕ ಇಡದಿದ್ದರೆ, ಕಡಲತೀರದಲ್ಲಿ ಎಷ್ಟು ಬೇಲಿ ಹಾಕಿದರೂ ಗುಟ್ಟು ಉಳಿಯದು.