ಮೇಸ್ತ್ರಿ ಬರುವ ಮೊದಲು ನೋಟಿಸು ಹೋಗಲಿ



ಮಳೆಗಾಲ ಬಂತೆಂದರೆ ನಮ್ಮಲ್ಲಿ ಹೆಚ್ಚಿನವರ ಅಡುಗೆಮನೆಗೆ ಎರಡು ಬಕೆಟ್ ಹೆಚ್ಚಾಗಿ ಬರುತ್ತವೆ. ಒಂದು ದೋಸೆ ತವಾದ ಹತ್ತಿರ, ಇನ್ನೊಂದು ಸ್ಟೋರಿನಲ್ಲಿ ಅಕ್ಕಿ ಮೂಟೆಗಳ ನಡುವೆ. ಹೊರಗೆ ಕುಳಿತು ಚಹಾ ಕುಡಿಯುವ ಗಿರಾಕಿಗೆ ಇದು ಕಾಣುವುದಿಲ್ಲ, ಗಲ್ಲಾದಲ್ಲಿ ಕುಳಿತವನಿಗೆ ಮಾತ್ರ ಗೊತ್ತು. ಕಟ್ಟಡದ ಮಾಲಕನಿಗೆ ಫೋನು ಮಾಡಿದರೆ "ನೋಡುವಾ" ಎನ್ನುತ್ತಾನೆ. ಮರುವರ್ಷ ಫೋನನ್ನೇ ಎತ್ತುವುದಿಲ್ಲ. ನಾವೇ ಮೇಸ್ತ್ರಿಯನ್ನು ಕರೆದು, ರಾತ್ರಿ ಹೋಟೆಲು ಮುಚ್ಚಿದ ಮೇಲೆ ತೇಪೆ ಹಾಕಿಸಿ, ಬೆಳಿಗ್ಗೆ ಆರಕ್ಕೆ ಇಡ್ಲಿ ಇಳಿಸುತ್ತೇವೆ. ಇದನ್ನು ಜಾಣತನ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಅದಕ್ಕೆ ತೆತ್ತ ಬೆಲೆ ಎಷ್ಟೆಂದು ಹೇಳಲಿಕ್ಕೆ ಈ ಲೇಖನ.

ನಮ್ಮ ತಂದೆಯವರು 1971ರಲ್ಲಿ ಮುಲುಂಡಿನಲ್ಲಿ ಪಗಡಿ ಕೊಟ್ಟು ಗಾಳಾ ಹಿಡಿದರು. ಆಗಿನ ಮಾಲಕರು ಒಳ್ಳೆಯ ಸೇಠ್‌ಜಿ. ತಿಂಗಳ ಮೊದಲ ವಾರ ತಾವೇ ಬಂದು, ಒಂದು ಕಾಫಿ ಕುಡಿದು, ಬಾಡಿಗೆ ತೆಗೆದುಕೊಂಡು ರಸೀದಿ ಹರಿದು ಕೊಡುತ್ತಿದ್ದರು. ಹೆಂಚು ಒಡೆದರೆ ಅವರ ಆಳು ಬಂದು ಸರಿಮಾಡುತ್ತಿದ್ದ. ಅವರು ತೀರಿಕೊಂಡ ಮೇಲೆ ಮಕ್ಕಳು ಬೇರೆ ಬೇರೆ ಕಡೆ ಹೋದರು. ಕೆಲವು ವರ್ಷ ಮೆಹತಾಜಿ ಬಂದರು, ಮತ್ತೆ ಅವರೂ ನಿಂತರು. 2003ರಿಂದ 2011ರ ಒಳಗೆ ಅಡುಗೆಮನೆಯ ಸ್ಲ್ಯಾಬನ್ನು ನಾನು ನಾಲ್ಕು ಸಲ ರಿಪೇರಿ ಮಾಡಿಸಿದೆ. ಎಲ್ಲವೂ ನಗದು. ಬಿಲ್ಲಿಲ್ಲ, ಕಾಗದವಿಲ್ಲ, ಫೋಟೋ ಇಲ್ಲ.

2011ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಊಟದ ಗಲಾಟೆ ಮುಗಿದ ಹೊತ್ತಿಗೆ, ಸ್ಲ್ಯಾಬಿನ ತುಂಡೊಂದು ಕಳಚಿ ನಮ್ಮ ಭಟ್ಟರ ಭುಜದ ಮೇಲೆ ಬಿತ್ತು. ಕುಂದಾಪುರ ಕಡೆಯವರು, ತಂದೆಯವರ ಕಾಲದಿಂದಲೂ ನಮ್ಮಲ್ಲಿದ್ದವರು. ಎಣ್ಣೆ ಬಾಣಲೆ ಒಲೆಯಿಂದ ಇಳಿದಿತ್ತು ಎಂಬುದೊಂದೇ ದೇವರ ದಯೆ. ಆ ಗಾಬರಿಯಲ್ಲಿ ನಾನು ವಾರದೊಳಗೆ ಎರಡು ಕಬ್ಬಿಣದ ಗರ್ಡರು ಕೊಡಿಸಿ, ಬೀಮಿನ ಕೆಳಗೆ ಆಧಾರಕ್ಕೆಂದು ಒಂದು ಗೋಡೆ ಎಬ್ಬಿಸಿದೆ. ಎಂಟು ವರ್ಷ ಮಾತನಾಡದ ಮಾಲಕರು ಆರು ವಾರದಲ್ಲಿ ಉತ್ತರ ಕೊಟ್ಟರು, ವಕೀಲರ ಮೂಲಕ! ಲಿಖಿತ ಒಪ್ಪಿಗೆ ಇಲ್ಲದೆ ಕಾಯಂ ಕಟ್ಟಡ ಕಟ್ಟಿದ್ದೀರಿ, ಜಾಗ ಖಾಲಿ ಮಾಡಿ ಎಂದು.

ನನ್ನ ವಕೀಲರು ಕೇಳಿದ ಮೊದಲ ಪ್ರಶ್ನೆ, "ರಿಪೇರಿ ಮಾಡಿಕೊಡಿ ಎಂದು ಒಂದು ನೋಟಿಸಾದರೂ ಕೊಟ್ಟಿದ್ದೀರಾ?" ನನ್ನ ಬಳಿ ಬಾಯಿಮಾತಲ್ಲದೆ ಏನೂ ಇರಲಿಲ್ಲ. ಕೇಸು ಆರು ವರ್ಷ ನಡೆದು, 2017ರಲ್ಲಿ ದೊಡ್ಡ ಮೊತ್ತ ಕೊಟ್ಟು, ಬಾಡಿಗೆಯನ್ನೂ ಏರಿಸಿ, ರಾಜಿ ಮಾಡಿಕೊಂಡೆ. ಮೂಗಿಗಿಂತ ಮೂಗುತಿ ಭಾರ ಎಂಬಂತಾಯಿತು.

ಮಾಲಕ ಯಾಕೆ ಮಾತನಾಡುವುದಿಲ್ಲ? ಅವನ ಕಡೆಯಿಂದಲೂ ನೋಡೋಣ. 1947ರ ಬಾಂಬೆ ರೆಂಟ್ ಆಕ್ಟ್ ಹಳೆ ಬಾಡಿಗೆಗಳನ್ನು 1940ರ ಮಟ್ಟದಲ್ಲಿ ಕಟ್ಟಿಹಾಕಿತು. ಅದರ ಜಾಗಕ್ಕೆ ಬಂದ 1999ರ ಮಹಾರಾಷ್ಟ್ರ ರೆಂಟ್ ಕಂಟ್ರೋಲ್ ಆಕ್ಟ್, ಅಂದರೆ 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ ಕಾಯಿದೆ, ವರ್ಷಕ್ಕೆ ನೂರಕ್ಕೆ 4ರಷ್ಟು ಏರಿಕೆಗೆ ಮಾತ್ರ ಅವಕಾಶ ಕೊಟ್ಟಿದೆ. ನಾವು ದಿನಕ್ಕೆ ಸಾವಿರಾರು ರೂಪಾಯಿ ವ್ಯಾಪಾರ ಮಾಡುವ ಜಾಗಕ್ಕೆ ಅವನಿಗೆ ಸಿಗುವುದು ತಿಂಗಳಿಗೆ ಕೆಲವು ನೂರು. ರಿಪೇರಿ ಮಾಡಿ ಅವನಿಗೇನು ಲಾಭ? ಕಟ್ಟಡ ಜೀರ್ಣವಾದಷ್ಟೂ ಬಿಲ್ಡರ್ ಹತ್ತಿರ ಬರುತ್ತಾನೆ. ಆದ್ದರಿಂದ ಅವನ ಮೌನವನ್ನು ಮರೆವು ಎಂದು ತಿಳಿಯಬೇಡಿ. ಅದು ಅವನ ಲೆಕ್ಕಾಚಾರ. ಹಾಗಾದರೆ ನಮ್ಮ ಲೆಕ್ಕಾಚಾರವೇನು?

ಕಾಯಿದೆಯ 14ನೇ ಕಲಮು ಸ್ಪಷ್ಟವಾಗಿದೆ. ಬೇರೆ ಕರಾರು ಇಲ್ಲದಿದ್ದರೆ ಜಾಗವನ್ನು ವಾಸಯೋಗ್ಯ, ಬಳಕೆಯೋಗ್ಯ ಸ್ಥಿತಿಯಲ್ಲಿ ಇಡುವುದು ಮಾಲಕನ ಕರ್ತವ್ಯ. ಕನಿಷ್ಠ 15 ದಿನಗಳ ನೋಟಿಸು ಕೊಟ್ಟು, ಆಮೇಲೂ ಸೂಕ್ತ ಸಮಯದಲ್ಲಿ ಅವನು ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಡಿದುಕೊಳ್ಳಬಹುದು. ಇದನ್ನು ಕೇಳಿ ಖುಷಿಪಡುವ ಮೊದಲು ಮುಂದಿನ ಸಾಲು ಓದಿ. ಒಂದು ವರ್ಷದಲ್ಲಿ ಕಡಿಯಬಹುದಾದದ್ದು ಆ ವರ್ಷದ ಬಾಡಿಗೆಯ ನಾಲ್ಕನೇ ಒಂದು ಭಾಗ ಮಾತ್ರ. ತಿಂಗಳಿಗೆ 800 ರೂಪಾಯಿ ಬಾಡಿಗೆಯೆಂದರೆ ವರ್ಷಕ್ಕೆ 9,600, ಅದರ ಕಾಲು ಭಾಗ 2,400. ಸ್ಲ್ಯಾಬಿಗೆ 1,80,000 ಖರ್ಚಾದರೆ ಅದು ಹುಟ್ಟಲು 75 ವರ್ಷ ಬೇಕು. ಮೊಮ್ಮಕ್ಕಳ ಕಾಲಕ್ಕೆ ವಸೂಲಿ!

"ಹಾಗಾದರೆ ನೋಟಿಸು ಯಾಕೆ, ಸುಮ್ಮನೆ ಮಾಡಿಸಿದರಾಯಿತು" ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ನೋಟಿಸು ಹಣಕ್ಕಾಗಿ ಅಲ್ಲ, ಜಾಗ ಉಳಿಸಿಕೊಳ್ಳಲಿಕ್ಕೆ. ನೋಟಿಸು ಕೊಟ್ಟು, ಕಾದು, ಅದರಲ್ಲಿ ಬರೆದ ರಿಪೇರಿಯನ್ನು ಮಾತ್ರ ಮಾಡಿಸಿದವನು ಕಾಯಿದೆ ಕೊಟ್ಟ ಹಕ್ಕನ್ನು ಬಳಸಿದವನು. ಕದ್ದು ರಾತ್ರಿ ಮಾಡಿಸಿದವನು, ಅದೇ ಸಿಮೆಂಟು ಅದೇ ಮೇಸ್ತ್ರಿಯಾದರೂ, ಆರೋಪಿ. ಅಲ್ಲದೆ ಇಂತಹ ರಿಪೇರಿಗೆ ಬಾಡಿಗೆದಾರ ಇಟ್ಟ ಲೆಕ್ಕ ಮತ್ತು ವೋಚರುಗಳೇ ಖರ್ಚಿನ ಬಗ್ಗೆ ಕೊನೆಯ ಪುರಾವೆ, ಮಾಲಕನಿಗೆ ಅದು ಬಂಧನಕಾರಿ ಎಂದು ಅದೇ ಕಲಮು ಹೇಳುತ್ತದೆ. ವೋಚರು ಇಲ್ಲದವನಿಗೆ ಈ ರಕ್ಷಣೆ ಸಿಗುವುದೆಲ್ಲಿಂದ?

16ನೇ ಕಲಮನ್ನೂ ಪ್ರತಿ ಹೋಟೆಲ್ ಮಾಲಕ ಒಮ್ಮೆ ಓದಬೇಕು. ಲಿಖಿತ ಒಪ್ಪಿಗೆ ಇಲ್ಲದೆ ಕಾಯಂ ಕಟ್ಟಡ ಕಟ್ಟಿದರೆ ಖಾಲಿ ಮಾಡಿಸಬಹುದು ಎನ್ನುವ ಅದೇ ಕಲಮು, ಯಾವುದು ಕಾಯಂ ಕಟ್ಟಡವಲ್ಲ ಎಂದೂ ಹೇಳಿದೆ. ಬೇಕಾದಲ್ಲಿ ಮಹಾನಗರ ಪಾಲಿಕೆಯ ಪರವಾನಿಗೆ ಪಡೆದು ಮಾಡಿದ ಮರದ ಪಾರ್ಟಿಶನ್, ನಿಂತು ಅಡುಗೆ ಮಾಡುವ ಕಟ್ಟೆ, ಬಾಗಿಲು, ಗಾಳಿಗಾಗಿ ತೆರೆದ ಕಿಟಕಿ, ಫಾಲ್ಸ್ ಸೀಲಿಂಗ್, ಏರ್ ಕಂಡೀಷನರ್, ಎಕ್ಸಾಸ್ಟ್, ಹೊಗೆಯ ಚಿಮಣಿ ಇವೆಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಉದ್ಯೋಗಕ್ಕೆಂದೇ ಬರೆದಂತಿದೆ. ನಾನು ಎಬ್ಬಿಸಿದ ಗೋಡೆ ಮತ್ತು ಗರ್ಡರು ಆ ಪಟ್ಟಿಯಲ್ಲಿ ಇರಲಿಲ್ಲ. ಗೊತ್ತಿದ್ದರೆ ಮೊದಲು ಇಂಜಿನಿಯರರ ವರದಿ, ವಾರ್ಡ್ ಆಫೀಸಿನ ಪರವಾನಿಗೆ ಹಿಡಿಯುತ್ತಿದ್ದೆ. ಕಂಬ, ಬೀಮಿಗೆ ಕೈಹಾಕುವುದಂತೂ ಕಾಯಿದೆಯ ಪ್ರಶ್ನೆ ಮಾತ್ರವಲ್ಲ. 2017ರ ಜುಲೈ 25ರಂದು ಘಾಟ್ಕೋಪರಿನಲ್ಲಿ ಕಟ್ಟಡ ಕುಸಿದು 17 ಜನ ಸತ್ತರು. ನೆಲ ಅಂತಸ್ತಿನ ಕಾಮಗಾರಿಯಲ್ಲಿ ಕಂಬಗಳಿಗೆ ಧಕ್ಕೆ ಮಾಡಿದ್ದಾರೆಂಬ ಆರೋಪದ ಮೇಲೆ ಪೊಲೀಸ್ ಕೇಸಾಯಿತು. ನಾವೆಲ್ಲ ನೆಲ ಅಂತಸ್ತಿನವರೇ. ನಮ್ಮ ತಲೆ ಮೇಲೆ ಸಂಸಾರಗಳು ಮಲಗುತ್ತವೆ ಎಂಬುದನ್ನು ಮರೆಯಬಾರದು.

ಕಟ್ಟಡವೇ ಅಪಾಯದಲ್ಲಿದ್ದರೆ ವಾರ್ಡ್ ಆಫೀಸಿಗೆ ಬರೆಯಿರಿ. ಮುಂಬಯಿ ಮಹಾನಗರ ಪಾಲಿಕೆ ಕಾಯಿದೆಯ 354ನೇ ಕಲಮಿನ ಪ್ರಕಾರ ಪಾಲಿಕೆ ಮಾಲಕನಿಗೆ ನೋಟಿಸು ಕೊಡುತ್ತದೆ. ಅವನು ಮಾಡದಿದ್ದರೆ 499ನೇ ಕಲಮಿನ ಪ್ರಕಾರ ಕಮಿಶನರರ ಮಂಜೂರಿ ಪಡೆದು ಜಾಗದಲ್ಲಿರುವವರೇ ಕೆಲಸ ಮಾಡಿಸಿ ಖರ್ಚು ಕೇಳಬಹುದು. ನಗರ ಭಾಗದಲ್ಲಿ, ಅಂದರೆ ಕೊಲಾಬಾದಿಂದ ಮಾಹಿಮ್ ಮತ್ತು ಸಾಯನ್ ತನಕ, ಹಳೆಯ ಸೆಸ್ ಕಟ್ಟಡಗಳಿಗೆ ಮ್ಹಾಡಾದ ರಿಪೇರಿ ಮಂಡಳಿ ಇದೆ. 1969ರಲ್ಲಿ ಇಂತಹ ಕಟ್ಟಡಗಳು 19,642 ಇದ್ದವು. ಮಾಟುಂಗಾ, ದಾದರ್, ಫೋರ್ಟಿನ ನಮ್ಮ ಎಷ್ಟೋ ಹಳೆ ಹೋಟೆಲುಗಳು ಇಂಥವುಗಳಲ್ಲೇ ಬೆಳೆದವು. ಆದರೆ ಉಪನಗರದ ನಮಗೆ ಆ ಮಂಡಳಿ ಇಲ್ಲ. ಅಲ್ಲಿ ಮಾಲಕ ಮತ್ತು ಪಾಲಿಕೆ, ಇಬ್ಬರೇ.

ಪಾಲಿಕೆಗೆ ದೂರು ಕೊಟ್ಟರೆ ಕಟ್ಟಡವನ್ನೇ ಕೆಡವಿಸುತ್ತಾರೆ, ಹಕ್ಕು ಹೋಗುತ್ತದೆ ಎಂಬ ಭಯ ನಮ್ಮಲ್ಲಿದೆ. ಭಯ ಪೂರ್ತಿ ಸುಳ್ಳಲ್ಲ, ಆದರೆ 2014ರಲ್ಲಿ ಎರಡು ಒಳ್ಳೆಯ ತೀರ್ಪುಗಳು ಬಂದಿವೆ. ಮಹಾರಾಷ್ಟ್ರದ್ದೇ ಒಂದು ಮೊಕದ್ದಮೆಯಲ್ಲಿ, ಪಾಲಿಕೆ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆದಾರಿಕೆ ಸಾಯುವುದಿಲ್ಲ, ಅದು ನೆಲದ ಮೇಲೂ ಇರುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಅಪಾಯಕಾರಿ ಕಟ್ಟಡ ಕೆಡವುವ ಮೊದಲು ಬಾಡಿಗೆದಾರರ ಹೆಸರು ಮತ್ತು ಜಾಗದ ಅಳತೆಯನ್ನು ಪಾಲಿಕೆ ದಾಖಲಿಸಬೇಕೆಂದು ಬಾಂಬೆ ಹೈಕೋರ್ಟು ನಿರ್ದೇಶಿಸಿತು. ಆ ದಾಖಲೆಯಲ್ಲಿ ನಿಮ್ಮ ಹೆಸರು ಬರಬೇಕಾದರೆ ಬಾಡಿಗೆ ರಸೀದಿ, ಲೈಸೆನ್ಸು, ನೋಟಿಸಿನ ಪ್ರತಿ ಕೈಯಲ್ಲಿರಬೇಕು. ಇಲ್ಲಿಯೂ ಕಾಗದವೇ.

ಇಂದಿನ ತರುಣರು ಹೆಚ್ಚಾಗಿ ಪಗಡಿಯಲ್ಲಿ ಅಲ್ಲ, ಲೀವ್ ಅಂಡ್ ಲೈಸೆನ್ಸಿನಲ್ಲಿ ಅಥವಾ ಕಂಡಕ್ಟಿಂಗಿನಲ್ಲಿ ಹೋಟೆಲು ನಡೆಸುತ್ತಾರೆ. ಅವರಿಗೊಂದು ಎಚ್ಚರಿಕೆ. ನೀವು ಬಾಡಿಗೆದಾರರಲ್ಲ, ಆದ್ದರಿಂದ 14ನೇ ಕಲಮಿನ ಆಸರೆಯನ್ನು ನೆಚ್ಚಿಕೊಳ್ಳಬೇಡಿ. ನಿಮ್ಮ ಕರಾರುಪತ್ರದಲ್ಲಿ ಬರೆದದ್ದೇ ನಿಮ್ಮ ಕಾಯಿದೆ. ಡಿಪಾಸಿಟ್ ಎಷ್ಟು, ರಾಯಲ್ಟಿ ಎಷ್ಟು ಎಂದು ರಾತ್ರಿಯಿಡೀ ಚರ್ಚಿಸುತ್ತೇವೆ, ಸ್ಲ್ಯಾಬು ಸೋರಿದರೆ ಯಾರು ಎಂದು ಒಂದು ಸಾಲೂ ಬರೆಸುವುದಿಲ್ಲ. ಸ್ಲ್ಯಾಬು, ಬೀಮು, ಡ್ರೈನೇಜ್ ಪೈಪು, ಮೇಲಿನ ಮನೆಯ ಸೋರಿಕೆ ಯಾರ ಪಾಲು, ಎಷ್ಟು ದಿನದಲ್ಲಿ ಮಾಡಬೇಕು, ಮಾಡದಿದ್ದರೆ ಮಾಸಿಕ ಹಣದಲ್ಲಿ ಎಷ್ಟು ಹಿಡಿಯಬಹುದು, ಹೋಟೆಲು ಮುಚ್ಚಿದ ದಿನಗಳಿಗೆ ಹಣ ಕೊಡಬೇಕೇ ಎಂಬುದನ್ನು ಸಹಿ ಹಾಕುವ ಮೊದಲು ಬರೆಸಿ. ಕಂಡಕ್ಟಿಂಗ್ ಕೊಡುವ ನಮ್ಮ ಹಿರಿಯರೇ, ಇಲ್ಲಿ ಮೌನವಾಗಿರುವ ಮಾಲಕರು ನಾವೇ ಆಗಿರುತ್ತೇವೆ ಎಂಬುದನ್ನೂ ನೆನಪಿಡಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ದಿನಕ್ಕೆ ಹದಿನಾರು ಗಂಟೆ ಹಬೆ, ಮೋರಿಯಲ್ಲಿ ನಿಂತ ಜಿಡ್ಡು ನೀರು, ಒಡೆದ ಟೈಲ್ಸು ಇವು ಸಿಮೆಂಟಿನೊಳಗಿನ ಸರಳನ್ನು ತಿನ್ನುತ್ತವೆ. ಮಾಲಕನ ವಕೀಲ ಮೊದಲು ಹೇಳುವುದು ಇದನ್ನೇ. ನಮ್ಮ ಮೋರಿ, ನಮ್ಮ ಚಿಮಣಿ ಸರಿಯಿದ್ದರೆ ಮಾತ್ರ ನಮ್ಮ ನೋಟಿಸಿಗೆ ತೂಕ. ಹಾಗೆಯೇ ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ. ಅದು ಮಾಲಕ ಕಾದು ಕುಳಿತ ತಪ್ಪು. ತಂದೆಯವರ ಕಾಲದಲ್ಲಿ ತೆಗೆದುಕೊಳ್ಳದಿದ್ದರೆ ಮನಿಯಾರ್ಡರ್ ಮಾಡುತ್ತಿದ್ದರು. ಈಗ ಬ್ಯಾಂಕಿನ ಮೂಲಕ ಕಳುಹಿಸಿ, ದಾಖಲೆ ಇಡಿ.

"ಮಾಲಕನೊಡನೆ ಸಂಬಂಧ ಕೆಡಿಸಿಕೊಳ್ಳಬಾರದು" ಎಂದು ಹಿರಿಯರು ಹೇಳುತ್ತಾರೆ. ಅವರ ಅನುಭವಕ್ಕೆ ಗೌರವವಿದೆ. ಆದರೆ ಫೋನೆತ್ತದವನೊಡನೆ ಉಳಿದಿರುವ ಸಂಬಂಧವಾದರೂ ಯಾವುದು? ನೋಟಿಸು ಎಂದರೆ ಜಗಳವಲ್ಲ. ವಿನಯದ ನಾಲ್ಕು ಸಾಲು, ಎರಡು ಫೋಟೋ, ತಾರೀಕು, ಸಹಿ, ಸ್ಪೀಡ್ ಪೋಸ್ಟ್ ರಸೀದಿ, ಅಷ್ಟೇ. ಇನ್ನೊಂದು ಮಾತು, ಕಾಯಿದೆ ಜಂಟಿ ನೋಟಿಸಿಗೂ ಅವಕಾಶ ಕೊಟ್ಟಿದೆ. ಹೊಗೆ, ವಾಸನೆ ಎಂದು ನಮ್ಮ ಮೇಲೆ ದೂರು ಕೊಡುವ ಮೇಲಿನ ಮನೆಯವರಿಗೂ ಅದೇ ಸ್ಲ್ಯಾಬು. ಚಿಮಣಿ ಎತ್ತರಿಸಿ ಕೊಡಿ, ಅವರೊಡನೆ ಸೇರಿ ಸಹಿ ಹಾಕಿ. ಒಬ್ಬ ಹೋಟೆಲಿನವನನ್ನು ಹೆದರಿಸಬಹುದು, ಹನ್ನೆರಡು ಮನೆಗಳನ್ನು ಹೆದರಿಸುವುದು ಕಷ್ಟ.

ನಮ್ಮ ಸಂಘಕ್ಕೆ ನನ್ನ ವಿನಂತಿ ಮೂರು. ಮರಾಠಿ, ಇಂಗ್ಲಿಷ್, ಕನ್ನಡದಲ್ಲಿ ನೋಟಿಸಿನ ಮಾದರಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಬೇಕು. ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಮತ್ತು ಒಬ್ಬ ವಕೀಲರನ್ನು ನಿಗದಿತ ಶುಲ್ಕಕ್ಕೆ ಗೊತ್ತುಮಾಡಬೇಕು. ಪ್ರತಿ ವರ್ಷ ಮಳೆಗೆ ಮೊದಲು, ಫೆಬ್ರವರಿಯಲ್ಲೇ, ಸದಸ್ಯರ ಅಡುಗೆಮನೆಗಳ ತಪಾಸಣೆಗೆ ಒಂದು ವಾರ ಇಡಬೇಕು. ಜೂನಿನಲ್ಲಿ ಕೊಟ್ಟ ನೋಟಿಸಿನ 15 ದಿನ ಮುಗಿಯುವಾಗ ಮಳೆ ಮೈಮೇಲೆ ಬಂದಿರುತ್ತದೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಆಗದು.

ನಮ್ಮ ಭಟ್ಟರು ಈಗ ಊರಿನಲ್ಲಿದ್ದಾರೆ. ಹೋದಾಗಲೆಲ್ಲ ಕಾಣುತ್ತೇನೆ. ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಅವರು ನನ್ನನ್ನಾಗಲಿ, ಮಾಲಕನನ್ನಾಗಲಿ ಒಂದು ದಿನ ದೂರಲಿಲ್ಲ. ಕೋರ್ಟಿನಲ್ಲಿ ಕಳೆದ ಹಣಕ್ಕಿಂತ ಅದು ನನಗೆ ಭಾರ. 2003ರಲ್ಲಿ ಮೊದಲ ಸೋರಿಕೆಯ ದಿನ ಒಂದು ಕಾಗದ ಬರೆದು, ಇಂಜಿನಿಯರರನ್ನು ಕರೆಸಿದ್ದರೆ ಆ ಭುಜ ಉಳಿಯುತ್ತಿತ್ತೋ ಏನೋ.

ನಿಮ್ಮ ಅಡುಗೆಮನೆಯ ಮಾಡು ಇವತ್ತು ರಾತ್ರಿ ಒಮ್ಮೆ ಟಾರ್ಚು ಹಿಡಿದು ನೋಡಿ. ಬಿರುಕು ಕಂಡರೆ ಫೋಟೋ ತೆಗೆಯಿರಿ. ನಾಳೆ ನೋಟಿಸು ಬರೆಯಿರಿ. ಮೇಸ್ತ್ರಿ ಆಮೇಲೆ ಬರಲಿ.