ಡಿಪ್ರೆಶನ್ ಮಾತ್ರೆ ಅರ್ಧಕ್ಕೆ ಬಿಡಿಸಬೇಡಿ

ಸುಗ್ಗಿ ಕೆಲಸ ಶುರುವಾದರೆ ನಮ್ಮ ಕಡೆ ಮೊದಲು ತಪ್ಪೋದು ಆಸ್ಪತ್ರೆಗೆ ಹೋಗೋದು. ಶುಗರ್, ಬಿಪಿ ಮಾತ್ರೆ ಯಾರ ಕೈಲಾದರೂ ತರಿಸ್ತೀವಿ. ಡಿಪ್ರೆಶನ್ ಮಾತ್ರೆ ತರಿಸೋಕೆ ಮಾತ್ರ ನಾಚಿಕೆ. ಮೇಲೆ ಮನೆಯವರೇ "ಈಗ ಚೆನ್ನಾಗಿದ್ಯಲ್ಲ, ಅದು ನಿದ್ದೆ ಮಾತ್ರೆ, ಚಟ ಆಗುತ್ತೆ, ಬಿಡು" ಅಂತಾರೆ. ಈ ಮಾತು ಅಪಾಯದ್ದು.

ಎಸಿಟಲೋಪ್ರಾಂ, ಸರ್ಟ್ರಾಲಿನ್ ಥರದವು ನಿದ್ದೆ ಮಾತ್ರೆ ಅಲ್ಲ, ಕುಡಿತದ ಹಾಗೆ ಚಟವೂ ಅಲ್ಲ. ಗುಣ ಕಾಣೋಕೇ ಕೆಲವು ವಾರ ಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸ್ತಾರೆ, ಪದೇ ಪದೇ ಬಂದವರಿಗೆ ವರ್ಷಗಟ್ಟಲೆ. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆ ಇಲ್ಲ. ಕಾಯಿಲೆ ವಾಪಸ್ ಬಂದರೆ ಅದರ ಜೊತೆ ಸಾಯೋ ಯೋಚನೆಯೂ ಬರಬಹುದು. ಬಿಡಲೇಬೇಕು ಅನ್ನೋರು ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಡೋಸ್ ಇಳಿಸಬೇಕು.

ಮಾತ್ರೆ ಶುರುವಾದ ತಕ್ಷಣ ಎಲ್ಲ ಸರಿಹೋಯ್ತು ಅಂತಲೂ ಅಲ್ಲ. 25ರೊಳಗಿನ ಕೆಲವರಿಗೆ ಮೊದಲ ವಾರಗಳಲ್ಲಿ ಅಂಥ ಯೋಚನೆ ಹೆಚ್ಚಬಹುದು. ಹಾಗಂತ ಮಾತ್ರೆ ಕಿತ್ತುಕೊಳ್ಳಬೇಡಿ, ಡಾಕ್ಟರಿಗೆ ಹೇಳಿ. ಆಗ, ಡೋಸ್ ಬದಲಾದಾಗ, ನಿಲ್ಲಿಸಿದಾಗ ಅವರನ್ನ ಒಬ್ಬರೇ ಇರೋಕೆ ಬಿಡಬೇಡಿ. ಗಿಡಕ್ಕೆ ಹೊಡೆಯೋ ವಿಷಕ್ಕೂ ನಾವು ಔಷಧಿ ಅಂತೀವಿ, ಕೈಗೆ ಸಿಗೋ ಕಡೆನೇ ಇಡ್ತೀವಿ. ಅದಕ್ಕೆ ಬೀಗ ಹಾಕಿ, ಕೀಲಿ ಬೇರೆಯವರ ಹತ್ರ ಇರಲಿ.

ತಡೆಯೋಕಾಗ್ತಿಲ್ಲ ಅನ್ನಿಸಿದರೆ ಟೆಲಿ ಮಾನಸ್, 14416. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ಸಂತೆ ದಿನ ಪೇಟೆಗೆ ಹೋಗ್ತೀನಿ. ಡಾಕ್ಟರ್ ಚೀಟಿ ಕೊಟ್ಟರೆ ಮಾತ್ರೆ ತಂದ್ಕೊಡ್ತೀನಿ, ಯಾವ ಕಾಯಿಲೆಗೆ ಅಂತ ಕೇಳಲ್ಲ.